ಒಣಭೂಮಿಯವರ ಈಸ್ಟರ್ ಹೂಜೋಡಣೆ

ಈಸ್ಟರ್ ಹಬ್ಬ ಬರುವುದು ಬಿರುಬೇಸಿಗೆಯಲ್ಲಿ. ನಮ್ಮಂಥ ಮಳೆ ನಂಬಿದವರ ಹೊಲದಲ್ಲಿ ಆಗ ರಾಗಿ ಕೂಳೆ ಬಿಟ್ರೆ ಏನೂ ಇರಲ್ಲ. ಪೀಠದ ತುಂಬ ಹೂ ಬೇಕು ಅನ್ನುವುದೂ ಆ ಹಬ್ಬದಲ್ಲೇ. ಬೂದಿ ಬುಧವಾರದಿಂದ ತಪಸ್ಸಿನ ಕಾಲ. ಅಷ್ಟು ದಿನವೂ ನಮ್ಮ ಕಥೋಲಿಕ ಚರ್ಚುಗಳಲ್ಲಿ ಪೀಠಕ್ಕೆ ಹೂವಿನ ಅಲಂಕಾರ ಇಲ್ಲ. ನಡುವಿನ ಒಂದು ಭಾನುವಾರ, ಮತ್ತೆ ದೊಡ್ಡ ಹಬ್ಬ ಯಾವುದಾದರೂ ಬಿದ್ದರೆ ಆವತ್ತು, ಇಷ್ಟಕ್ಕೇ ವಿನಾಯಿತಿ. ಶುಭ ಶುಕ್ರವಾರವಂತೂ ಪೀಠದ ಮೇಲೆ ಬಟ್ಟೆಯೂ ಇರಲ್ಲ. ಶನಿವಾರ ರಾತ್ರಿ ಜಾಗರಣೆಯ ಹೊತ್ತಿಗೆ ಹೂ ವಾಪಸು ಬರುತ್ತೆ. ಮನೆಯ ಪೀಠಕ್ಕೂ ಇದೇ ಲೆಕ್ಕ. ಅಷ್ಟು ದಿನ ಬರಿದಾಗಿದ್ದ ಜಾಗ ಒಂದೇ ರಾತ್ರಿಯಲ್ಲಿ ತುಂಬಬೇಕು.

ನಮ್ಮ ಮನೆಯಲ್ಲಿ ಇದು ನನ್ನ ಹೆಂಡತಿಯ ಕೆಲಸ. ಐದಾರು ವರ್ಷದಿಂದ ಅವಳಿಗೆ ಬೆರಳ ಗಂಟುಗಳಲ್ಲಿ ನೋವು. ಹಾಗಾಗಿ ಈಗ ಅವಳು ಕೂತು ಹೇಳುವುದು, ನಾನು ಚುಚ್ಚುವುದು. 'ಗಂಡಸಿಗ್ಯಾಕೆ ಹೂವಿನ ಕೆಲಸ' ಅಂತ ನೆಂಟರು ನಕ್ಕದ್ದೂ ಉಂಟು. ಮಾವಿಗೆ ಕಸಿ ಕಟ್ಟುವ ಕೈ ಇದು, ಇದಕ್ಕೆ ಅದೇನು ಮಹಾ ಕಷ್ಟ? ಹೂವಿನ ಅಂಗಡಿಯವರ ಕೈಚಳಕ ನನಗೆ ಗೊತ್ತಿಲ್ಲ. ಏಪ್ರಿಲ್ ಬಿಸಿಲಲ್ಲಿ, ಫ್ರಿಜ್ ಇಲ್ಲದ ಮನೆಯಲ್ಲಿ, ಶನಿವಾರ ಸಂಜೆ ಇಟ್ಟ ಹೂ ಸೋಮವಾರದವರೆಗೆ ನಿಲ್ಲುವ ಹಾಗೆ ಮಾಡುವುದನ್ನು ಮಾತ್ರ ಕೆಟ್ಟು ಕೆಟ್ಟು ಕಲಿತಿದ್ದೇನೆ. ಅದನ್ನೇ ಬರೆಯುತ್ತೇನೆ.

ಹೂ ಬಾಡುವುದೇಕೆ?

ಮೊದಲ ಸಲ ಕೆಟ್ಟದ್ದನ್ನು ಹೇಳಿಬಿಡ್ತೀನಿ. ಒಂದು ವರ್ಷ ಬೆಂಗಳೂರಿಗೆ ಹೋಗಿದ್ದ ಮಗ ಕೆ.ಆರ್. ಮಾರ್ಕೆಟಿನಿಂದ ಬಿಳಿ ಕಾರ್ನೇಶನ್ ಎರಡು ಕಟ್ಟು ತಂದ. ಶುಕ್ರವಾರ ಸಂಜೆ ಬಕೆಟ್ಟಿನಲ್ಲಿ ನೀರು ತುಂಬಿ ಅದರಲ್ಲಿಟ್ಟು, ತಂಪಾಗಿರಲಿ ಅಂತ ಒಳಕೋಣೆಗೆ ಸೇರಿಸಿದೆ. ಬೆಳಿಗ್ಗೆ ನೋಡ್ತೀನಿ, ಎಸಳೆಲ್ಲ ಒಳಕ್ಕೆ ಸುರುಳಿಕೊಂಡು ಹೂ ನಿದ್ದೆ ಹೋದ ಹಾಗೆ ಮುದುಡಿದೆ. ನೀರು ಹಾಗೇ ಇದೆ, ತೊಟ್ಟು ಹಸಿರಾಗೇ ಇದೆ. ಮಾರಿದವನು ಹಳೇ ಹೂ ಕೊಟ್ಟ ಅಂತ ಮಗ ಬೈದ. ತಪ್ಪು ನಮ್ಮದೇ. ಅದೇ ಕೋಣೆಯ ಮೂಲೆಯಲ್ಲಿ ಹುಲ್ಲು ಮುಚ್ಚಿ ಬಾಳೆಗೊನೆ ಹಣ್ಣಿಗೆ ಹಾಕಿದ್ದೆವು. ಹಣ್ಣಾಗುವ ಕಾಯಿಂದ ಎಥಿಲೀನ್ ಅನ್ನುವ ಗಾಳಿ ಹೊರಡುತ್ತೆ. ಪಕ್ಕದ ಕಾಯನ್ನು ಹಣ್ಣು ಮಾಡುವುದು ಅದೇ, ಪಕ್ಕದ ಹೂವಿಗೆ ಬೇಗ ವಯಸ್ಸಾಗಿಸುವುದೂ ಅದೇ. ಕಾರ್ನೇಶನ್ನಿಗಂತೂ ಅದರ ಗಾಳಿ ಸೋಕಿದರೆ ಸಾಕು. ಈಸ್ಟರ್ ಹೊತ್ತಿಗೆ ನಮ್ಮ ಸೀಮೆಯಲ್ಲಿ ಮಾವಿನ ಕಾಯಿಯೂ ಹುಲ್ಲಿಗೆ ಬೀಳಲು ಶುರುವಾಗುತ್ತೆ. ಹೂವಿನ ಕೋಣೆಯಲ್ಲಿ ಹಣ್ಣು ಬೇಡ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಹೊಸೂರು ಕಡೆ ಗುಲಾಬಿ ಪಾಲಿಹೌಸಿನಲ್ಲಿ ನಾಲ್ಕು ವರ್ಷ ದುಡಿದು ಬಂದ ನಮ್ಮೂರ ಹುಡುಗ. ಇನ್ನೊಂದು ಮಾತೂ ಅವನೇ ಹೇಳಿದ್ದು. ಕಿತ್ತ ಹೂ ಬಾಡುವುದು ಬಕೆಟ್ಟಿನಲ್ಲಿ ನೀರಿಲ್ಲದೆ ಅಲ್ಲವಂತೆ, ತೊಟ್ಟಿನೊಳಗೆ ನೀರು ಏರದೆ. ನಮಗೆ ಇದು ಬೇಗ ಅರ್ಥವಾಗುತ್ತೆ. ಫುಟ್‌ವಾಲ್ವ್ ಲೀಕಾಗಿ ಪೈಪಿನಲ್ಲಿ ಗಾಳಿ ಹೊಕ್ಕರೆ ಮೋಟರು ಎಷ್ಟು ತಿರುಗಿದ್ರೂ ನೀರು ಬರಲ್ಲ, ಬಾವಿ ತುಂಬಿದ್ರೂ ಬರಲ್ಲ. ಹೂವಿನ ತೊಟ್ಟಿನಲ್ಲಿ ಕಣ್ಣಿಗೆ ಕಾಣದ ಕೊಳವೆಗಳಿವೆ. ಕತ್ತರಿಸಿದ ಕೂಡಲೆ ಅದರ ಬಾಯಿಗೆ ಗಾಳಿ ಹಿಡಿಯುತ್ತೆ. ಆಮೇಲೆ ನೀರಿನಲ್ಲಿಟ್ರೂ ಏರಲ್ಲ.

ಆದ್ದರಿಂದ ಹೂ ಕೊಯ್ಯಲು ಹೋಗುವಾಗಲೇ ಬಕೆಟ್ಟಿನಲ್ಲಿ ಕಾಲುಭಾಗ ನೀರು ಹಿಡಿದು ಹೋಗಿ. ಬಿಸಿಲೇರುವ ಮುಂಚೆ ಕೊಯ್ಯಿರಿ. ಚೂಪು ಚಾಕುವಿನಲ್ಲಿ ಓರೆಯಾಗಿ ಕೊಯ್ದು, ಆ ಕ್ಷಣವೇ ನೀರಿಗೆ ಅದ್ದಿ. ಮೊಂಡು ಕತ್ತರಿ ತೊಟ್ಟನ್ನು ಜಜ್ಜುತ್ತೆ, ಅದು ಬೇಡ. ಮನೆಗೆ ಬಂದ ಮೇಲೆ ಬೇಸಿನ್ನಿನ ನೀರಿನೊಳಗೆ ತೊಟ್ಟನ್ನು ಮುಳುಗಿಸಿ ಹಿಡಿದು, ತುದಿಯಿಂದ ಒಂದು ಬೆರಳು ಮೇಲಕ್ಕೆ ಇನ್ನೊಂದು ಸಲ ಕತ್ತರಿಸಬೇಕು. ಗಾಳಿ ಹಿಡಿದ ತುದಿ ಹೋಯ್ತು, ಹೊಸ ಬಾಯಿಗೆ ನೀರೇ ಸಿಕ್ತು. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಸವರಿ ತೆಗೆಯಿರಿ, ಅವೇ ಕೊಳೆತು ನೀರು ನಾರುವುದು. ಆಮೇಲೆ ಐದಾರು ಗಂಟೆ ಕತ್ತಲ ಮೂಲೆಯಲ್ಲಿ, ಒದ್ದೆ ಗೋಣಿ ಸುತ್ತಿದ ಬಕೆಟ್ಟಿನಲ್ಲಿ ಬಿಡಿ. ನೀರು ಕುಡಿದು ನೆಟ್ಟಗಾದ ಹೂವನ್ನೇ ಜೋಡಿಸಬೇಕು. ಎಲ್ಲರೂ ಬಿಡುವ ಹಂತ ಇದೇ. ಕೊಯ್ದು ತಂದು ನೇರ ಚುಚ್ಚುತ್ತಾರೆ, ಮಧ್ಯರಾತ್ರಿಗೆ ತಲೆ ಬಾಗುತ್ತೆ.

ಜೋಡಿಸುವ ನೀರಿಗೆ ಲೀಟರಿಗೆ ಒಂದು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ, ಬಟ್ಟೆ ಬಿಳಿ ಮಾಡುವ ಬ್ಲೀಚ್ ನಾಲ್ಕೈದು ಹನಿ ಹಾಕ್ತೇವೆ. ಮೊಗ್ಗಿಗೆ ಸಕ್ಕರೆ ಆಹಾರ. ಹುಳಿಯಿಂದ ನೀರು ಸಲೀಸಾಗಿ ಏರುತ್ತೆ. ಬ್ಲೀಚು ಕೊಳೆಸುವ ಸೂಕ್ಷ್ಮಜೀವಿ ಕೊಲ್ಲುತ್ತೆ. ಬ್ಲೀಚ್ ಇಲ್ಲದೆ ಸಕ್ಕರೆ ಮಾತ್ರ ಹಾಕಿದ್ರೆ ನೀರು ಬೇಗ ಲೋಳೆಯಾಗಿ ನಷ್ಟವೇ ಹೆಚ್ಚು.

ಹಾಲು ಸುರಿಸುವ ದೇವಕಣಗಿಲೆಯಂಥ ಹೂವಿಗೆ ತೊಟ್ಟಿನ ತುದಿಯನ್ನು ದೀಪದ ಉರಿಗೆ ಎರಡು ಕ್ಷಣ ಹಿಡಿದು ತೆಗೆಯಬೇಕು. ಹಾಲು ನಿಲ್ಲುತ್ತೆ.

ಚುಚ್ಚುವುದು ಯಾವುದಕ್ಕೆ?

ಅಂಗಡಿಯಲ್ಲಿ ಹಸಿರು ಇಟ್ಟಿಗೆಯಂಥ ಫೋಮ್ ಸಿಗುತ್ತೆ. ನೀರು ಹೀರುತ್ತೆ, ಚುಚ್ಚಲು ಸುಲಭ. ಆದರೆ ಅದು ಪ್ಲಾಸ್ಟಿಕ್ಕಿನ ಜಾತಿ. ತಿಪ್ಪೆಗೆ ಹಾಕಿದ್ರೆ ಪುಡಿಯಾಗುತ್ತೆಯೇ ಹೊರತು ಕರಗಲ್ಲ, ಆ ಪುಡಿ ಗೊಬ್ಬರದ ಜೊತೆ ಹೊಲ ಸೇರುತ್ತೆ. ನಾವು ತರುವುದಿಲ್ಲ.

ನಮ್ಮದು ಬಾಳೆದಿಂಡು. ಬಚ್ಚಲ ನೀರಿಗೆ ಬೆಳೆದ ಎರಡು ಬಾಳೆ ಎಲ್ಲರ ಮನೆ ಹಿಂದೆಯೂ ಇರ್ತವೆ. ಗೊನೆ ಕಡಿದ ಮರದಿಂದ ಒಂದು ಗೇಣುದ್ದ ತುಂಡು ಕತ್ತರಿಸಿ, ಉರುಳದ ಹಾಗೆ ಅಡಿ ಸಪಾಟು ಮಾಡಿ, ಕಡ್ಡಿಯಿಂದ ತೂತು ಮಾಡಿ ಹೂ ಚುಚ್ಚಿದರೆ ಎರಡು ದಿನ ತೇವ ಕೊಡುತ್ತೆ. ಒಂದು ಎಚ್ಚರಿಕೆ. ಒಮ್ಮೆ ಅದನ್ನು ನೇರವಾಗಿ ಪೀಠದ ಬಿಳಿ ಬಟ್ಟೆ ಮೇಲಿಟ್ಟೆ. ಬಾಳೆಕರೆ ಹತ್ತಿ ಕಂದು ಮಚ್ಚೆಯಾಯಿತು, ಇವತ್ತಿಗೂ ಹೋಗಿಲ್ಲ. ನನ್ನ ಅತ್ತೆ ಕೈಯಲ್ಲಿ ಹೆಣೆದ ಅಂಚಿನ ಬಟ್ಟೆ ಅದು. ಹೆಂಡತಿ ಏನೂ ಅನ್ನಲಿಲ್ಲ, ಅದೇ ಕಷ್ಟವಾಯ್ತು. ದಿಂಡನ್ನು ತಟ್ಟೆಯೊಳಗೇ ಇಡಿ.

ಸುಗಂಧರಾಜದಂಥ ಉದ್ದ ತೊಟ್ಟಿಗೆ ದಿಂಡು ಸಾಲದು. ಅದಕ್ಕೆ ಬಾಯಗಲ ಮಡಕೆಯಲ್ಲಿ ಹಳೇ ಕೋಳಿಬಲೆ ತಂತಿಯನ್ನು ಮುದ್ದೆ ಮಾಡಿ ತುರುಕಿ ನೀರು ತುಂಬಿ. ತಂತಿಯ ಕಣ್ಣುಗಳಲ್ಲಿ ತೊಟ್ಟು ನಿಲ್ಲುತ್ತೆ. ಅತಿ ಎತ್ತರದ ಕಡ್ಡಿ ಮಡಕೆಯ ಎತ್ತರದ ಒಂದೂವರೆ ಪಟ್ಟು ಇದ್ದರೆ ಚೆಂದ. ಮೊಗ್ಗು ಮೇಲೆ, ಅರಳಿದ್ದು ಕೆಳಗೆ, ಹಿಂದುಗಡೆ ಸೊಪ್ಪು. ಜೋಡಣೆಯಲ್ಲಿ ನನಗೆ ತಿಳಿದದ್ದು ಇಷ್ಟೇ. ಮೇಣದಬತ್ತಿಗೂ ಹೂವಿಗೂ ಒಂದು ಗೇಣು ದೂರ ಇರಲಿ.

2024ರ ಹಬ್ಬ

2023ರಲ್ಲಿ ಮಳೆ ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂದಿತು. ನಮಗೆ ಕೊಳವೆಬಾವಿ ಇಲ್ಲ. 2024ರ ಮಾರ್ಚಿನಲ್ಲಿ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಸ್ನಾನವೇ ಕಮ್ಮಿಯಾದ ಮೇಲೆ ಬಚ್ಚಲ ನೀರೆಲ್ಲಿ? ಸುಗಂಧರಾಜ ಒಣಗಿತು. ಹಬ್ಬ ಮಾರ್ಚ್ 31ಕ್ಕೆ.

ಸೊಸೆ ಹೇಳಿದಳು, "ಮಾವ, ಪ್ಲಾಸ್ಟಿಕ್ ಹೂ ತಂದುಬಿಡೋಣ. ಈ ವರ್ಷ ಒಂದೇ ಅಲ್ಲ, ಹತ್ತು ವರ್ಷ ಆಗುತ್ತೆ." ಅವಳ ಮಾತು ತಪ್ಪಲ್ಲ. ಕುಡಿಯಲು ನೀರಿಲ್ಲದಾಗ ಹೂವಿಗೆ ನೀರು ಸುರಿಯುವುದು ಯಾವ ಭಕ್ತಿ? ನಾನೂ ಹೂಂ ಅಂದಿದ್ದೆ. ಹೆಂಡತಿ ಮಾತ್ರ ಒಪ್ಪಲಿಲ್ಲ. "ಸತ್ತು ಎದ್ದ ಸ್ವಾಮಿಯ ಹಬ್ಬಕ್ಕೆ, ಹುಟ್ಟೂ ಇಲ್ಲದ ಸಾವೂ ಇಲ್ಲದ ಹೂ ಇಡ್ತೀರಾ?" ಅಂದಳು. ಆಮೇಲೆ ಯಾರೂ ಮಾತಾಡಲಿಲ್ಲ.

ಗರಿಗಳ ಭಾನುವಾರ, ಮಾರ್ಚ್ 24ರಂದು, ಅವಳು ಮೂರು ಮಣ್ಣಿನ ತಟ್ಟೆ ತೆಗೆದಳು. ಒಂದರಲ್ಲಿ ಜೋಳ, ಒಂದರಲ್ಲಿ ಹುರುಳಿ, ಒಂದರಲ್ಲಿ ರಾಗಿ. ಹಿಂದಿನ ದಿನ ನೆನೆಸಿ, ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಕಾಳು. ಜರಡಿ ಹಿಡಿದ ಕೆಮ್ಮಣ್ಣಿಗೆ ಅರ್ಧದಷ್ಟು ತಿಪ್ಪೆಗೊಬ್ಬರ ಬೆರೆಸಿ, ಎರಡು ಬೆರಳು ದಪ್ಪ ಹರಡಿ, ಕಾಳನ್ನು ಒತ್ತೊತ್ತಾಗಿ ಚೆಲ್ಲಿದಳು. ಮೇಲೆ ತೆಳ್ಳಗೆ ಮಣ್ಣು, ಎರಡು ದಿನ ಒದ್ದೆ ಗೋಣಿ ಮುಚ್ಚಿಗೆ. ದಿನಕ್ಕೆ ಮೂರು ತಟ್ಟೆಗೂ ಸೇರಿ ಎರಡು ಲೋಟ ನೀರು, ಅದೂ ಅಕ್ಕಿ ತೊಳೆದದ್ದು. ಶನಿವಾರ ಸಂಜೆಗೆ ಜೋಳ ನಾಲ್ಕು ಬೆರಳು ಎತ್ತರ, ಹುರುಳಿಯಲ್ಲಿ ಎಲೆ ಬಿಚ್ಚಿತ್ತು. ರಾಗಿ ಕುಳ್ಳಾಗಿ ಹಸಿರು ಕಂಬಳಿ ಹಾಸಿದ ಹಾಗೆ. ಊರೆಲ್ಲ ಒಣಗಿದ್ದಾಗ ಆ ಮೂರು ತಟ್ಟೆ ಹಸಿರನ್ನು ನೋಡಲು ಪಕ್ಕದ ಮನೆಯವರೂ ಬಂದರು.

ಇದೇನು ಅವಳ ಹೊಸ ಕಲ್ಪನೆ ಅಂತ ಕೇಳಿದೆ. ನಮ್ಮ ನೆರೆಯ ಹಿಂದೂಗಳ ಮದುವೆಯಲ್ಲಿ ನವಧಾನ್ಯದ ಮೊಳಕೆ ಹಾಕುವುದನ್ನು ನೋಡಿದ್ದಳಂತೆ. ಮಣ್ಣಿಗೆ ಬಿದ್ದ ಕಾಳಿನ ಮಾತು ಶುಭಸಂದೇಶದಲ್ಲೂ ಬರುತ್ತಲ್ಲ ಅಂದಳು. ಆಮೇಲೆ ಫಾದರ್ ಹೇಳಿದರು, ಇಟಲಿಯ ಸಿಸಿಲಿ ಕಡೆ ಗೋಧಿಯನ್ನು ಕತ್ತಲಲ್ಲಿ ಮೊಳೆಯಿಸಿ ಪವಿತ್ರ ಗುರುವಾರದ ಪೀಠಕ್ಕೆ ಇಡುವ ರೂಢಿ ಇದೆಯಂತೆ. ಬೆಳಕು ಕಾಣದ್ದರಿಂದ ಪೈರು ಬೆಳ್ಳಗಿರುತ್ತೆ.

ಹಸಿರಾಯಿತು, ಬಣ್ಣಕ್ಕೇನು? ಬದುವಿನ ಮೇಲೆ ಹೊಂಗೆ ಚಿಗುರಿತ್ತು. ಆ ಎಳೆ ಎಲೆಯ ಹೊಳಪು ಯಾವ ಅಂಗಡಿ ಸೊಪ್ಪಿಗೂ ಇಲ್ಲ. ಬೇಲಿಯ ಬಿಳಿ ಕಣಗಿಲೆ ನೀರಿಲ್ಲದೆಯೂ ಬಿಟ್ಟಿತ್ತು. ಕಕ್ಕೆ ಹಳದಿಗೊಂಚಲು ಆ ವರ್ಷ ಬೇಗ ಬಂದಿತ್ತು. ಕಕ್ಕೆ ಮಾರನೆಯ ದಿನಕ್ಕೇ ಎಸಳು ಉದುರಿಸುತ್ತೆ, ಅದನ್ನು ಶನಿವಾರ ಇಳಿಹೊತ್ತಿಗೇ ಕೊಯ್ಯಬೇಕು. ಅಟ್ಟದಿಂದ ಅಣ್ಣೆಸೊಪ್ಪಿನ ಒಣಹೂ ಇಳಿಸಿದೆವು. ರಾಗಿ ಹೊಲದಲ್ಲಿ ನಾವು ಬೈದುಕೊಂಡು ಕೀಳುವ ಕಳೆಯೇ ಅದು. ಸುಗ್ಗಿಯ ಮುಂಚೆ ಅದರ ಬೆಳ್ಳಿಗೆಂಪು ತೆನೆಯನ್ನು ಕೊಯ್ದು ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿದರೆ ಎರಡು ವರ್ಷವಾದರೂ ಬಣ್ಣ ಉಳಿಯುತ್ತೆ, ಹನಿ ನೀರು ಬೇಡ. ಜೊತೆಗೆ ಹತ್ತಿಪ್ಪತ್ತು ರಾಗಿ ತೆನೆ. ಖರ್ಚು ಸೊನ್ನೆ. ಆವತ್ತಿನಿಂದ ನೀರಿದ್ದ ವರ್ಷವೂ ನಾವು ತಟ್ಟೆ ಬಿತ್ತುವುದನ್ನು ಬಿಟ್ಟಿಲ್ಲ.

ನೀರಿರುವ ವರ್ಷಕ್ಕೆ ಸುಗಂಧರಾಜ

ಹಬ್ಬದ ಕಾರ್ಡಿನಲ್ಲಿ ಕಾಣುವ ಬಿಳಿ ಲಿಲ್ಲಿ ಜಪಾನಿನ ದಕ್ಷಿಣದ ದ್ವೀಪಗಳದ್ದು, ನಮ್ಮ ಬಯಲು ಬಿಸಿಲಿಗೆ ಅದರ ಆಸೆ ಬೇಡ. ಸುಗಂಧರಾಜವೂ ಮೆಕ್ಸಿಕೋದಿಂದ ಬಂದದ್ದೇ, ಆದರೆ ಇಲ್ಲಿ ಮನೆಮಗಳಾಗಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್', 'ಶೃಂಗಾರ' ಒಂಟಿ ಎಸಳಿನವು, 'ಸುವಾಸಿನಿ' ಜೋಡಿ ಎಸಳಿನದು. ಅರುವತ್ತು ಗೆಡ್ಡೆ, ಒಂದಡಿ ಅಂತರ, ಬಚ್ಚಲ ನೀರು ಸಾಕು.

ನೆಟ್ಟು ಸುಮಾರು ಮೂರು ತಿಂಗಳಿಗೆ ಹೂ. ಹಾಗಾಗಿ ಹಬ್ಬದ ತಾರೀಖು ಮೊದಲೇ ಗೊತ್ತಿರಬೇಕು. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಕೆಲವು ವರ್ಷ ಹೋಳಿ ಹುಣ್ಣಿಮೆಯೇ ಲೆಕ್ಕಕ್ಕೆ ಬರುತ್ತೆ, ಕೆಲವು ವರ್ಷ ಯುಗಾದಿ ಮೇಲಿನದು. ಅದಕ್ಕೇ 2024ರಲ್ಲಿ ಮಾರ್ಚ್ 31 ಇದ್ದದ್ದು 2025ರಲ್ಲಿ ಏಪ್ರಿಲ್ 20 ಆಯಿತು. 2027ಕ್ಕೆ ಮಾರ್ಚ್ 28, 2028ಕ್ಕೆ ಏಪ್ರಿಲ್ 16. ಹಬ್ಬಕ್ಕೆ ನೂರು ದಿನ ಇರುವಾಗ ಇಪ್ಪತ್ತು ಗೆಡ್ಡೆ, ಅದರ ಹಿಂದೆ ಮುಂದೆ ಹತ್ತು ಹತ್ತು ದಿನ ಬಿಟ್ಟು ಇಪ್ಪತ್ತಿಪ್ಪತ್ತು ಊರಿ. ಒಂದು ತಂಡವಾದರೂ ಸರಿಯಾಗಿ ಸಿಗುತ್ತೆ. ಕಡ್ಡಿಯ ಕೆಳಗಿನ ಎರಡು ಹೂ ಅರಳಿದಾಗ ಕೊಯ್ಯಿರಿ, ಉಳಿದವು ಮಡಕೆಯಲ್ಲಿ ಬಿರಿಯುತ್ತವೆ. ಬಾಡಿದ ಕೆಳಹೂವನ್ನು ದಿನಾ ಚಿವುಟಿ.

ಹಬ್ಬದ ಮಾರನೆಯ ದಿನ

ಕಿತ್ತುಹಾಕಿದ್ದನ್ನು ಗೋದಲೆಗೆ ಸುರಿಯಬೇಡಿ. ಕಣಗಿಲೆ ಸೊಪ್ಪು ತಿಂದರೆ ದನ ಉಳಿಯಲ್ಲ, ಒಣಗಿದ ಎಲೆಯೂ ಅಷ್ಟೇ. ಮುಟ್ಟಿದ ಕೈ ತೊಳೆಯದೆ ಮಕ್ಕಳಿಗೆ ಊಟ ಕೊಡಬೇಡಿ. ಜೋಳದ ಎಳೆ ಪೈರಿನಲ್ಲೂ ವಿಷ ಇರುವುದು ನಿಮಗೆ ಗೊತ್ತೇ ಇದೆ. ಇವೆರಡೂ ದನದ ಬಾಯಿಗೆ ಸಿಗದಂತೆ ಗುಂಡಿಗೆ ಹೋಗಲಿ. ಹುರುಳಿ ತಟ್ಟೆ ಕರುವಿಗೆ ಹಾಕಿದೆವು.

ರಾಗಿ ತಟ್ಟೆಯನ್ನು ಬಿಸಾಡಲು ಹೆಂಡತಿಗೆ ಮನಸ್ಸು ಬರಲಿಲ್ಲ. ಬಾಳೆ ಬುಡದಲ್ಲಿ ಪೈರು ಬಿಡಿಸಿ ನೆಟ್ಟಳು. ಮೇ ತಿಂಗಳ ಮಳೆಗೆ ಚಿಗುರಿಕೊಂಡು ಹನ್ನೆರಡು ತೆನೆ ಬಂತು. ಗುಬ್ಬಿಗಳು ತಿಂದುಹೋದವು.