ಗಣಕಯಂತ್ರದ ಮಿದುಳು: ಕೊಂಡದ್ದು ಮತ್ತು ಸ್ವಂತದ್ದು

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಕರುವಿನ ಭಾಕಣೂಕ ನಡೆಯುತ್ತದೆ. ಮುಂದಿನ ಮಳೆ-ಬೆಳೆ ಹೇಗೆಂದು ತಿಳಿಯಲು ಜನ ಕಾದಿರುತ್ತಾರೆ. ಅದು ಶ್ರದ್ಧೆಯ ಮಾತು. ಅಕ್ಕಲಕೋಟದ ರೈತನು ಮೋಡ, ಗಾಳಿ ನೋಡಿ ಕಟ್ಟುವ ಅಂದಾಜು ಬೇರೆ ಬಗೆಯದು. ಅದು ಗುರುತುಗಳನ್ನು ಕೂಡಿಸುವ ಲೆಕ್ಕ. ಒಂದು ಕಂಪ್ಯೂಟರ್ ಸಂಸ್ಥೆ ಪರರ ಪ್ರೊಸೆಸರನ್ನು ಬಿಟ್ಟು ತನ್ನದನ್ನೇ ಬಳಸಲಿದೆ ಎಂಬುದನ್ನೂ ಹೀಗೆಯೇ ಗುರುತುಗಳಿಂದ ಊಹಿಸಬಹುದು.

ಪ್ರೊಸೆಸರ್ ಎಂದರೆ ಗಣಕಯಂತ್ರದ ಮಿದುಳು. ಪ್ರತಿ ಜಾತಿಯ ಪ್ರೊಸೆಸರಿಗೂ ತನ್ನದೇ ಆಜ್ಞೆಗಳ ಭಾಷೆಯಿದೆ. ಒಂದರ ಭಾಷೆಯಲ್ಲಿ ಸಿದ್ಧವಾದ ಪ್ರೋಗ್ರಾಮು ಇನ್ನೊಂದಕ್ಕೆ ಅರ್ಥವಾಗದು. ಆದ್ದರಿಂದ ಪ್ರೊಸೆಸರ್ ಬದಲಿಸುವುದು ನಮ್ಮ ನೇಕಾರರು ನೂಲಿನ ಅಂಗಡಿ ಬದಲಿಸಿದಷ್ಟು ಸುಲಭವಲ್ಲ. ಆದರೂ ಸಂಸ್ಥೆಗಳು ಈ ಕಷ್ಟಕ್ಕೆ ಏಕೆ ಕೈಹಾಕುತ್ತವೆ?

ಅಮೆರಿಕೆಯ ಆಪಲ್ ಸಂಸ್ಥೆಯನ್ನು ನೋಡೋಣ. 1984ರ ಅದರ ಮ್ಯಾಕಿಂಟಾಷ್ ಯಂತ್ರದಲ್ಲಿ ಮೊಟೊರೋಲಾ ಪ್ರೊಸೆಸರ್ ಇತ್ತು. 1994ರಲ್ಲಿ ಪವರ್‌ಪಿಸಿ ಬಂತು. 2006ರಲ್ಲಿ ಇಂಟೆಲ್ ಬಂತು. ಮಾರುವವನು ಕೊಳ್ಳುವವನ ವೇಗದಲ್ಲಿ ನಡೆಯದಿದ್ದಾಗಲೆಲ್ಲ ಮನೆ ಬದಲಿಸಬೇಕಾಯಿತು. ಇದು ಮೊದಲನೆಯ ಗುರುತು. 2008ರಲ್ಲಿ ಆಪಲ್ ಪ್ರೊಸೆಸರ್ ರಚಿಸುವ ಪಿ. ಎ. ಸೆಮಿ ಎಂಬ ಸಣ್ಣ ಸಂಸ್ಥೆಯನ್ನು ಕೊಂಡಿತು. 2010ರಲ್ಲಿ ಐಪ್ಯಾಡಿಗೆ ‘ಎ4’ ಚಿಪ್ ಹಾಕಿತು. ದೊಡ್ಡ ಯಂತ್ರಕ್ಕೆ ಮೊದಲು ಸಣ್ಣದರಲ್ಲಿ ಕೈಪಳಗಿಸುವುದು ಎರಡನೆಯ ಗುರುತು. ಹಳೆಯ ಪ್ರೋಗ್ರಾಮುಗಳು ಹೊಸ ಪ್ರೊಸೆಸರಿನಲ್ಲಿ ನಡೆಯುವ ದಾರಿ ಮೂರನೆಯದು. ‘ರೊಸೆಟ್ಟಾ’ ಎಂಬ ಅನುವಾದಕ ಪ್ರೋಗ್ರಾಮಿನಿಂದ ಆಪಲ್ 2006ರಲ್ಲಿಯೇ ಅದನ್ನು ಕಲಿತಿತ್ತು. ಈ ಮೂರನ್ನೂ ಕೂಡಿಸಿದ ಕೆಲವರು ಮುಂದಾಗುವುದನ್ನು ಬಹಳ ಮೊದಲೇ ಊಹಿಸಿದ್ದರು. 2020ರ ನವೆಂಬರಿನಲ್ಲಿ ‘ಎಂ1’ ಬಂತು. ಉಗುರಿನಷ್ಟಗಲದ ಆ ಬಿಲ್ಲೆಯಲ್ಲಿ 1600 ಕೋಟಿ ಟ್ರಾನ್ಸಿಸ್ಟರುಗಳಿದ್ದವು! 2023ರ ಹೊತ್ತಿಗೆ ಬದಲಾವಣೆ ಪೂರ್ಣವಾಯಿತು.

ಇದೇ ಅಳತೆಗೋಲನ್ನು ನಮ್ಮ ನೆರೆಯ ಪುಣೆಗೆ ಹಚ್ಚೋಣ. ಪ್ರಬಲವಾದ ಸೂಪರ್‌ಕಂಪ್ಯೂಟರುಗಳು ಅಮೆರಿಕೆಯಿಂದ ಸುಲಭವಾಗಿ ಸಿಗದಿದ್ದ ಕಾಲದಲ್ಲಿ, 1988ರಲ್ಲಿ, ಅಲ್ಲಿ ಸಿ-ಡ್ಯಾಕ್ ಎಂಬ ಸರಕಾರಿ ಸಂಸ್ಥೆ ಹುಟ್ಟಿತು. ಡಾ. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ‘ಪರಮ್ 8000’ ಸಿದ್ಧವಾಯಿತು. ಯಂತ್ರ ನಮ್ಮದು, ಆದರೆ ಮಿದುಳು ಬ್ರಿಟನ್ನಿನ ಟ್ರಾನ್ಸ್‌ಪ್ಯೂಟರ್. ಆ ವಂಶ ಮುಂದೆ ಬೆಳೆಯಲಿಲ್ಲ. ಪರಮ್ ಯಂತ್ರಗಳು 1990ರ ದಶಕದಲ್ಲಿ ಸ್ಪಾರ್ಕ್‌ಗೆ, ಬೆಂಗಳೂರಿನ ‘ಪರಮ್ ಪದ್ಮ’ದಲ್ಲಿ ಐ. ಬಿ. ಎಂ. ಪ್ರೊಸೆಸರಿಗೆ, ಬಳಿಕ ಇಂಟೆಲ್‌ಗೆ ಮೊರೆಹೋದವು. ಮೊದಲನೆಯ ಗುರುತು ಸ್ಪಷ್ಟವಾಯಿತಲ್ಲವೆ? ಎರಡನೆಯದೂ ಇದೆ. ಸಿ-ಡ್ಯಾಕಿನ ತಿರುವನಂತಪುರ ಕೇಂದ್ರವು ‘ವೇಗಾ’ ಎಂಬ ಪ್ರೊಸೆಸರುಗಳನ್ನು ಸಣ್ಣ ಉಪಕರಣಗಳಿಗಾಗಿ ರಚಿಸಿದೆ. 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ‘ಪರಮ್ ರುದ್ರ’ದ ಸರ್ವರುಗಳ ರಚನೆಯೂ ನಮ್ಮದೇ, ಒಳಗಿನ ಪ್ರೊಸೆಸರ್ ಮಾತ್ರ ಇಂಟೆಲಿನದು. ಇನ್ನು ಮೂರನೆಯದು: ಸಿ-ಡ್ಯಾಕ್ 2023ರಲ್ಲಿ ವಿವರಿಸಿದ ‘ಔಮ್’ ಎಂಬ 96 ಕೋರುಗಳ ಪ್ರೊಸೆಸರ್ ಆರ್ಮ್ ಭಾಷೆಯದು. ಆ ಭಾಷೆಯ ಪ್ರೋಗ್ರಾಮುಗಳು ಜಗತ್ತಿನಲ್ಲಿ ಈಗಾಗಲೇ ಹೇರಳವಾಗಿವೆ.

ಹಾಗಾದರೆ ಪರಮ್ ಒಂದು ದಿನ ಸ್ವಂತ ಮಿದುಳಿನಿಂದ ಯೋಚಿಸುವುದೆಂದು ಧೈರ್ಯವಾಗಿ ಊಹಿಸಬಹುದು. ಆದರೆ ಅದು ಎಲ್ಲ ಯಂತ್ರಗಳಲ್ಲಿ ಒಮ್ಮೆಗೇ ಆಗದು. ಮೊದಲು ಒಂದೆರಡರಲ್ಲಿ, ಕೊಂಡ ಪ್ರೊಸೆಸರುಗಳ ಜೊತೆಜೊತೆಗೆ ಆದೀತು. ಇನ್ನೊಂದು ಮಾತನ್ನೂ ಮರೆಯಬಾರದು. ‘ಸ್ವಂತ’ ಎಂದರೆ ರಚನೆ ಸ್ವಂತ, ತಯಾರಿಕೆಯಲ್ಲ. ಆಪಲ್ ತನ್ನ ಚಿಪ್ಪುಗಳನ್ನು ತೈವಾನಿನ ಕಾರ್ಖಾನೆಯಲ್ಲಿ ಮಾಡಿಸುತ್ತದೆ. ಔಮ್‌ಗೂ ಅದೇ ಯೋಜನೆ.

ಇದರಿಂದ ನಮಗೇನು ಎಂದು ಪಾಲಕರು ಕೇಳಬಹುದು. ಮಳೆಯ ಮುನ್ಸೂಚನೆ ಲೆಕ್ಕಹಾಕುವುದು ಇಂಥ ಯಂತ್ರಗಳೇ. ಬರದ ಸೀಮೆಯವರಾದ ನಮಗೆ ಆ ಲೆಕ್ಕ ಪರರ ಮರ್ಜಿಗೆ ನಿಲ್ಲಬಾರದು. ವಿದ್ಯಾರ್ಥಿಗಳೇ, ಹೊಸ ಚಿಪ್ಪಿನ ಘೋಷಣೆಗಿಂತ, ಅದು ಕಾರ್ಖಾನೆಯಿಂದ ಸಾಕಷ್ಟು ಸಂಖ್ಯೆಯಲ್ಲಿ ಬಂತೆ, ತಿಂಗಳುಗಟ್ಟಲೆ ತಪ್ಪಿಲ್ಲದೆ ದುಡಿಯಿತೆ ಎಂಬುದನ್ನು ಪತ್ರಿಕೆಗಳಲ್ಲಿ ಹುಡುಕಿರಿ. ಊಹೆಯನ್ನು ಬರೆದಿಟ್ಟು, ಗುರುತುಗಳೊಡನೆ ತಾಳೆ ನೋಡುತ್ತ ಹೋಗುವುದೇ ವಿಜ್ಞಾನದ ಭವಿಷ್ಯವಾಣಿ.