ಬೆಳಗ್ಗೆ ಬೆರಳು ‘ಟಕ್’ ಅಂತ ಸಿಕ್ಕಿಕೊಳ್ಳುತ್ತಿದೆಯೇ?

ಹೃದಯದ ಡಾಕ್ಟರಿಗೆ ಬೆರಳಿನ ಉಸಾಬರಿ ಯಾಕೆ ಅನ್ನಬೇಡಿ, ಕಾರಣ ಇದೆ.

ಕೊಯಾಲಿ ರಿಫೈನರಿ ಕಡೆಯ ನಮ್ಮ ಕನ್ನಡದವರೊಬ್ಬರು, ಸ್ಟೆಂಟ್ ಹಾಕಿಸಿಕೊಂಡವರು, ಕಾಲು ಊತ, ಏದುಸಿರು ಅಂತ ಬಂದರು. ಕೆದಕಿದಾಗ ಗೊತ್ತಾಯಿತು: ಮಡಚಿದ ಉಂಗುರಬೆರಳು ಬೆಳಗಿನ ಹೊತ್ತು ಬಿಚ್ಚುತ್ತಿರಲಿಲ್ಲ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ಮೂರು ವಾರ ನುಂಗಿದ್ದರು. “ಬೆರಳಿನ ವಿಷಯ ನಿಮಗೆ ಯಾಕೆ ಹೇಳೋದು ಡಾಕ್ಟ್ರೇ ಅಂತ ಸುಮ್ಮನಿದ್ದೆ” ಎಂದರು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ, ಬಿಪಿ ಏರಿಸುತ್ತವೆ. ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ಹೃದ್ರೋಗಿಗಳಿಗೆ ಇವು ಬೇಡವೇ ಬೇಡ. ಅಂಗಡಿಯಲ್ಲಿ ಮೊದಲೇ “ಹಾರ್ಟ್‌ನೀ ದವಾ ಚಾಲೂ ಛೇ” ಎಂದು ಹೇಳಿಬಿಡಿ.

ಬೆರಳಿನ ಈ ತೊಂದರೆಗೆ ಟ್ರಿಗರ್ ಫಿಂಗರ್ ಎನ್ನುತ್ತಾರೆ. ಬೆರಳು ಮಡಚುವ ಟೆಂಡನ್, ಅಂದರೆ ಹುರಿಯಂಥ ನರ, ಬಳೆಯಂಥ ಪಟ್ಟಿಗಳೊಳಗೆ ಜಾರುತ್ತದೆ. ಬೆರಳಿನ ಬುಡದ ಪಟ್ಟಿ ದಪ್ಪವಾಗಿ ಹುರಿಯಲ್ಲೂ ಗಂಟಾದರೆ, ಗಂಟುಬಿದ್ದ ಪೈಜಾಮದ ಲಾಡಿಯಂತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜೋರು ಮಾಡಿ ಬಿಡಿಸಿದರೆ ‘ಟಕ್’. ಉಂಗುರಬೆರಳು, ಹೆಬ್ಬೆರಳುಗಳಲ್ಲಿ ಹೆಚ್ಚು, ಹೆಂಗಸರಲ್ಲಿ ಇನ್ನೂ ಹೆಚ್ಚು.

ಸಾಮಾನ್ಯವಾಗಿ ನೂರಕ್ಕೆ 2-3 ಜನರಿಗೆ ಬರುವ ಇದು ಸಕ್ಕರೆ ಕಾಯಿಲೆಯವರಲ್ಲಿ ಸುಮಾರು 10 ಜನರಿಗೆ ಬರುತ್ತದೆ. ಹಾಗಾಗಿ ಬೆರಳು ಸಿಕ್ಕಿಕೊಂಡರೆ ಸಕ್ಕರೆಯನ್ನೂ ಥೈರಾಯ್ಡನ್ನೂ ಪರೀಕ್ಷಿಸಿ. ಇವರ ಎಚ್‌ಬಿಎ1ಸಿ 9 ದಾಟಿತ್ತು, ನೋಡಿಸದೆ ವರ್ಷವಾಗಿತ್ತು.

ಶುರುವಿನಲ್ಲೇ ಆದರೆ ಬಿಗಿಯಾಗಿ ಹಿಡಿಯುವ, ಹಿಂಡುವ ಕೆಲಸ ಕಡಿಮೆ ಮಾಡಿ, ಕೆಲವು ವಾರ ರಾತ್ರಿ ಬೆರಳು ನೆಟ್ಟಗಿರುವಂತೆ ಸ್ಪ್ಲಿಂಟ್ ಕಟ್ಟಿದರೆ ಸಾಕಾಗಬಹುದು. ನೆಟಿಗೆ ತೆಗೆಯುವುದು, ಒತ್ತಿ ಉಜ್ಜುವುದು ಬೇಡ. ಕಡಿಮೆಯಾಗದಿದ್ದರೆ ಮೂಳೆ ಡಾಕ್ಟರು ಬುಡಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಹಲವರಿಗೆ ಒಂದರಲ್ಲೇ ಗುಣ, ಸಕ್ಕರೆಯವರಿಗೆ ಸ್ವಲ್ಪ ಕಡಿಮೆ. ಆಮೇಲೆ ನಾಲ್ಕೈದು ದಿನ ಸಕ್ಕರೆ ಏರುತ್ತದೆ, ಮನೆಯಲ್ಲೇ ನೋಡಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಅಂಗೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆ ಪಟ್ಟಿ ಕತ್ತರಿಸುತ್ತಾರೆ. ಚಿಕ್ಕ ಆಪರೇಷನ್, ಅದೇ ದಿನ ಮನೆಗೆ. ಅದಕ್ಕಾಗಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಕಟ್ಟಿಕೊಂಡರೆ ಹಾರ್ಟ್ ಅಟ್ಯಾಕ್ ಆಗುತ್ತದೆ.

ಬೆರಳು ಇಡೀ ಊದಿ, ಕೆಂಪಾಗಿ, ನೇರ ಮಾಡಿದರೆ ವಿಪರೀತ ನೋವು, ಜ್ವರ ಇದ್ದರೆ ಅದು ಬೇರೆಯೇ, ಕೀವಿನ ಸೋಂಕು. ಅದೇ ದಿನ ಆಸ್ಪತ್ರೆಗೆ ಹೋಗಿ. ವಡೋದರದ ಸಯಾಜಿ ಸರ್ಕಾರಿ ಆಸ್ಪತ್ರೆಯಲ್ಲೂ ಮೂಳೆ ವಿಭಾಗವಿದೆ.

ನಮ್ಮವರ ಕಾಲಿನ ಊತ ಮಾತ್ರೆ ಬಿಟ್ಟ ಮೇಲೆ ಇಳಿಯಿತು. ಸಕ್ಕರೆ ಹತೋಟಿಗೆ ತಂದು ಇಂಜೆಕ್ಷನ್ ಕೊಡಿಸಿದೆವು. ಮೊನ್ನೆ ಬಂದವರು ಮೊದಲು ಕೈ ಮಡಚಿ, ಬಿಚ್ಚಿ ತೋರಿಸಿದರು, ಎದೆಯ ವಿಷಯ ಆಮೇಲೆ.