ಲಿನಕ್ಸ್ ಸರ್ವರ್‌ನಲ್ಲಿ ಲೆಕ್ಕಪತ್ರದ ಕಡತ: ಬೀಗದ ವಿಚಾರ

ದೊಡ್ಡಬಳ್ಳಾಪುರದ ಜವಳಿ ಘಟಕವಿರಲಿ, ದಾಬಸ್‌ಪೇಟೆಯ ಕಾರ್ಖಾನೆಯಿರಲಿ, ಹೊಸಕೋಟೆಯ ಸಗಟು ಮಳಿಗೆಯಿರಲಿ, ಒಬ್ಬನೇ ಗುಮಾಸ್ತ ಸಮಸ್ತ ಲೆಕ್ಕ ಬರೆಯುತ್ತಿದ್ದ ಕಾಲ ಬಹುತೇಕ ಮುಗಿದಿದೆ. ಒಂದು ಗಣಕಯಂತ್ರದಲ್ಲಿ ಮಾರಾಟದ ಬಿಲ್ಲು, ಇನ್ನೊಂದರಲ್ಲಿ ಖರೀದಿ ಮತ್ತು ದಾಸ್ತಾನು, ಮತ್ತೊಂದರಲ್ಲಿ ಬ್ಯಾಂಕಿನ ವ್ಯವಹಾರ ದಾಖಲಾಗುತ್ತವೆ. ಇವೆಲ್ಲವೂ ಒಂದೇ ದತ್ತಾಂಶವನ್ನು ಸೇರಬೇಕು. ಈ ಕೆಲಸಕ್ಕೆ ವರ್ತಕರು ಹೆಚ್ಚಾಗಿ ಬಳಸುವುದು ಟ್ಯಾಲಿ ತಂತ್ರಾಂಶವನ್ನು. ಗಿರಣಿಗಳಿಗೆ ಸರಕು ಪೂರೈಸುತ್ತಿದ್ದ ಗೋಯೆಂಕಾ ಕುಟುಂಬ 1986ರಲ್ಲಿ ಆರಂಭಿಸಿದ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಇದರ ಸಿಲ್ವರ್ ಪರವಾನಗಿ ಒಬ್ಬ ಬಳಕೆದಾರನಿಗೆ. ಗೋಲ್ಡ್ ಪರವಾನಗಿ ಒಂದೇ ಜಾಲದೊಳಗಿನ ಹಲವರಿಗೆ.

ಹಲವರು ಬಳಸುವ ದತ್ತಾಂಶವನ್ನು ಎಲ್ಲಿಡಬೇಕೆಂಬುದೇ ಪ್ರಶ್ನೆ. ವಿಂಡೋಸ್ ಸರ್ವರ್‌ಗೆ ಪರವಾನಗಿ ಶುಲ್ಕವಿದೆ, ಬಳಕೆದಾರರ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕವೂ ಇದೆ. ಲಿನಕ್ಸ್ ಮತ್ತು ಅದರ ಮೇಲೆ ನಡೆಯುವ ಸಾಂಬಾ ತಂತ್ರಾಂಶಗಳು ಉಚಿತ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1991ರ ಕೊನೆಯಲ್ಲಿ ಬರೆಯಲಾರಂಭಿಸಿದ ಸಾಂಬಾ, ಲಿನಕ್ಸ್ ಯಂತ್ರದ ಫೋಲ್ಡರನ್ನು ವಿಂಡೋಸ್ ಯಂತ್ರಗಳಿಗೆ ತಮ್ಮದೇ ಡ್ರೈವ್ ಎಂಬಂತೆ ತೋರಿಸುತ್ತದೆ. ಟ್ಯಾಲಿ ವಿಂಡೋಸ್ ತಂತ್ರಾಂಶವಾದ್ದರಿಂದ ಅದು ಗುಮಾಸ್ತರ ಯಂತ್ರಗಳಲ್ಲಿಯೇ ನಡೆಯುತ್ತದೆ. ಪರವಾನಗಿ ನೀಡುವ ಗೇಟ್‌ವೇಯೂ ಒಂದು ವಿಂಡೋಸ್ ಯಂತ್ರದಲ್ಲಿರಬೇಕು. ಲಿನಕ್ಸ್‌ನಲ್ಲಿರುವುದು ಕಡತ ಮಾತ್ರ. ಮೂರು ನಾಲ್ಕು ಯಂತ್ರಗಳಷ್ಟೇ ಇರುವ ಕಚೇರಿಗೆ ಸಾಧಾರಣ ವಿಂಡೋಸ್ ಯಂತ್ರವೊಂದರ ಹಂಚಿಕೆಯೂ ಸಾಕಾಗುತ್ತದೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ತೊಂದರೆ ಬರುವುದು ಬೀಗದ ವಿಚಾರದಲ್ಲಿ. ಸಾಂಬಾ ತನ್ನ ಸಹಜ ಸ್ಥಿತಿಯಲ್ಲಿ 'ಓಪ್‌ಲಾಕ್' ಎಂಬ ಸೌಲಭ್ಯವನ್ನು ನೀಡುತ್ತದೆ. ಕಟ್ಟಿನ ಪುಸ್ತಕದ ದಿನಗಳಿಗೆ ಹೋಲಿಸಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಬ್ಬ ಗುಮಾಸ್ತ ಖಾತೆಯ ಹಾಳೆಯನ್ನು ತನ್ನ ಮೇಜಿಗೆ ಒಯ್ದು ಬರೆಯುತ್ತಾನೆ. ಬೇರೊಬ್ಬ ಕೇಳಿದಾಗ ಬರೆದದ್ದನ್ನು ಪುಸ್ತಕಕ್ಕೆ ಸೇರಿಸುವೆನೆಂಬುದು ಕರಾರು. ಒಬ್ಬನೇ ಬರೆಯುವಾಗ ಇದರಿಂದ ವೇಗ ಹೆಚ್ಚುತ್ತದೆ. ಆದರೆ ಅದೇ ಹೊತ್ತಿಗೆ ಆತನ ಯಂತ್ರಕ್ಕೆ ವಿದ್ಯುತ್ ಹೋದರೆ, ಅಥವಾ ಜಾಲದ ತಂತಿ ಸಡಿಲವಾದರೆ, ಹಾಳೆ ಮೇಜಿನಲ್ಲಿಯೇ ಉಳಿಯುತ್ತದೆ. ಕೇಳಿದವನು ಹಳೆಯ ಹಾಳೆಯ ಮೇಲೆಯೇ ಬರೆಯುತ್ತಾನೆ. ಬಿಲ್ಲು ಮುದ್ರಣವಾಗಿ ಗ್ರಾಹಕನ ಕೈ ಸೇರಿದೆ, ಪುಸ್ತಕದಲ್ಲಿ ಅದರ ನಮೂದಿಲ್ಲ. ಇಲ್ಲವೇ ಕಡತವೇ ಕೆಟ್ಟು ಕಂಪನಿ ತೆರೆಯುವುದೇ ಇಲ್ಲ. ತಿಂಗಳ 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದವನಿಗೆ 19ರಂದು ಹೀಗಾದರೆ ಪರಿಸ್ಥಿತಿ ಏನೆಂದು ವಿವರಿಸಬೇಕಿಲ್ಲ.

ಆದುದರಿಂದ ಸಾಂಬಾದ ಸಂರಚನಾ ಕಡತದಲ್ಲಿ, ಲೆಕ್ಕಪತ್ರದ ಫೋಲ್ಡರಿಗೆ ಸಂಬಂಧಿಸಿದ ಭಾಗದಲ್ಲಿ, 'ಓಪ್‌ಲಾಕ್ಸ್' ಮತ್ತು 'ಲೆವೆಲ್2 ಓಪ್‌ಲಾಕ್ಸ್' ಎರಡನ್ನೂ 'ನೋ' ಎಂದು ಬರೆಯಿಸಬೇಕು. ವೇಗ ತುಸು ಕುಗ್ಗುತ್ತದೆ, ಕುಗ್ಗಲಿ. ಇತರ ಫೋಲ್ಡರುಗಳಲ್ಲಿ ಈ ಬದಲಾವಣೆ ಅನಗತ್ಯ. ಸರ್ವರ್‌ಗೂ ಲೆಕ್ಕ ಬರೆಯುವ ಯಂತ್ರಗಳಿಗೂ ತಂತಿಯ ಸಂಪರ್ಕವೇ ಇರಲಿ, ವೈಫೈ ಬೇಡ. ಎಕ್ಸ್‌ಪಿ ಕಾಲದ ಯಂತ್ರವನ್ನು ಇನ್ನೂ ಉಳಿಸಿಕೊಂಡವರು ಒಂದು ಮಾತನ್ನು ಗಮನಿಸಬೇಕು: 2019ರ 4.11ನೇ ಆವೃತ್ತಿಯಿಂದ ಸಾಂಬಾ ಹಳೆಯ ಎಸ್ಎಂಬಿ1 ವಿಧಾನವನ್ನು ಸಹಜ ಸ್ಥಿತಿಯಲ್ಲಿ ನಿಲ್ಲಿಸಿರುವುದರಿಂದ, ಅಂಥ ಯಂತ್ರಕ್ಕೆ ಸರ್ವರ್ ಕಾಣಿಸುವುದೇ ಇಲ್ಲ. ಸುರಕ್ಷತೆಯ ದೃಷ್ಟಿಯಿಂದ ಯಂತ್ರವನ್ನು ಬದಲಿಸುವುದೇ ಲೇಸು.

ಲಿನಕ್ಸ್‌ಗೆ ವೈರಸ್ ತಗಲದೆಂಬುದು ಅರ್ಧ ಸತ್ಯ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವಿಂಡೋಸ್ ಯಂತ್ರಗಳನ್ನು ಕಾಡಿದಾಗಲೇ ಸಾಂಬಾದಲ್ಲಿಯೂ ಗಂಭೀರ ದೋಷವೊಂದು ಬಯಲಾಗಿ, ತಿದ್ದುಪಡಿ ಹೊರಬಂತು. ಅದಲ್ಲದೆ, ಟ್ಯಾಲಿಯ ಕಡತವನ್ನು ಹೀಗೆ ಹಂಚಿದಾಗ ಪ್ರತಿ ಗುಮಾಸ್ತನಿಗೂ ಆ ಫೋಲ್ಡರಿನಲ್ಲಿ ಬರೆಯುವ, ಅಳಿಸುವ ಅಧಿಕಾರ ಇರಲೇಬೇಕು. ಅವನ ಯಂತ್ರಕ್ಕೆ ಸುಲಿಗೆ ವೈರಸ್ ಹೊಕ್ಕರೆ ಸರ್ವರ್‌ನ ಕಡತವೂ ಅದರ ಪಾಲಾಗುತ್ತದೆ. ಟ್ಯಾಲಿಯ ಗುಪ್ತಪದ ಫೋಲ್ಡರನ್ನು ಕಾಯುವುದಿಲ್ಲ. ಕಡತವನ್ನು ಗುಮಾಸ್ತರ ಕಣ್ಣಿಗೇ ಬೀಳದಂತಿಡಬೇಕೆಂದರೆ ಟ್ಯಾಲಿಪ್ರೈಮ್ ಸರ್ವರ್ ಇದೆ. ಆದರೆ ಅದು ವಿಂಡೋಸ್ ಮೇಲೆ ಮಾತ್ರ ನಡೆಯುತ್ತದೆ.

ಪರವಾನಗಿಯಲ್ಲಿ ಉಳಿದ ಹಣದಲ್ಲಿ ಮೊದಲು ಕೊಳ್ಳಬೇಕಾದುದು ಯುಪಿಎಸ್. ಅದು ಯುಎಸ್‌ಬಿ ತಂತಿಯ ಮೂಲಕ ಸರ್ವರ್‌ಗೆ ಸೂಚನೆ ಕೊಡುವಂಥದಾಗಿರಬೇಕು. ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನೇ ಕ್ರಮಬದ್ಧವಾಗಿ ನಿಲ್ಲುತ್ತದೆ. ಎರಡನೆಯದು ಬ್ಯಾಕಪ್. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಸಂಸ್ಥೆ ಕಂಪನಿಯಾಗಿದ್ದರೆ, 2022ರ ತಿದ್ದುಪಡಿಯ ಅನ್ವಯ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಬ್ಯಾಕಪ್ ಕಡ್ಡಾಯ. 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡನ್ನು ದಾಖಲಿಸುವ ತಂತ್ರಾಂಶವೂ ಕಡ್ಡಾಯ.

ರಾತ್ರಿ ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ 'ಆರ್‌ಸಿಂಕ್' ಮೂಲಕ ನಕಲು ತೆಗೆಯುವಂತೆ ಲಿನಕ್ಸ್‌ನಲ್ಲಿ ಏರ್ಪಡಿಸಬಹುದು. ನಿನ್ನೆಯ ನಕಲಿನ ಮೇಲೆ ಇಂದಿನದನ್ನು ಬರೆಯದೆ ದಿನಕ್ಕೊಂದು ಫೋಲ್ಡರ್ ಮಾಡಿಸಬೇಕು. ಇಲ್ಲವಾದರೆ ಕೆಟ್ಟ ಕಡತವೇ ಒಳ್ಳೆಯದನ್ನು ನುಂಗುತ್ತದೆ. ವಾರಕ್ಕೊಂದು ಪ್ರತಿಯನ್ನು ಜಾಲದಿಂದ ಬೇರ್ಪಡಿಸಿದ ಡಿಸ್ಕಿನಲ್ಲಿ ಕಚೇರಿಯ ಹೊರಗಿಡಬೇಕು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಅದರ ತಾಳೆಪಟ್ಟಿಯನ್ನು ಅದೇ ದಿನಾಂಕದ ಮೂಲ ತಾಳೆಪಟ್ಟಿಯೊಡನೆ ಹೋಲಿಸಿ ನೋಡುವುದು ಗುಮಾಸ್ತನ ಕೆಲಸವಲ್ಲ, ಮಾಲೀಕನದು.